ಐರ್ಲೆಂಡಿಗೆ ಹೊಸಬರೇ, ಸೋಮವಾರದ ರಗ್ಬಿ ಮಾತಿಗೆ ಸ್ವಲ್ಪ ತಯಾರಿ

ಪಿಪಿಎಸ್ ನಂಬರ್ (ತೆರಿಗೆ, ಸರ್ಕಾರಿ ಕೆಲಸಗಳಿಗೆ ಬೇಕಾದ ಸಂಖ್ಯೆ), ಐಆರ್‌ಪಿ ಕಾರ್ಡ್ (ವಾಸದ ಪರವಾನಗಿ), ಬಾಡಿಗೆ ಮನೆ ಇವುಗಳ ಬಗ್ಗೆ ಹೇಳಿಕೊಡುವವರು ಇಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ರಗ್ಬಿ ಬಗ್ಗೆ ಯಾರೂ ಹೇಳುವುದಿಲ್ಲ. ಆದರೆ ಫೆಬ್ರವರಿಯಲ್ಲಿ ಯುರೋಪಿನ ಆರು ದೇಶಗಳ ಟೂರ್ನಿ ಸಿಕ್ಸ್ ನೇಷನ್ಸ್ ಶುರುವಾಯಿತು ಅಂದರೆ ಡಬ್ಲಿನ್ ಆಫೀಸುಗಳಲ್ಲಿ ಕಾಫಿ ಮಷೀನ್ ಹತ್ತಿರ ಬೇರೆ ಮಾತೇ ಇರುವುದಿಲ್ಲ. ಸುಮ್ನೆ ತಲೆಯಾಡಿಸಿ ಎಷ್ಟು ದಿನ ಕಳೆಯುತ್ತೀರಿ? ನಾಲ್ಕು ವಿಷಯ ಗೊತ್ತಿದ್ದರೆ ಸಾಕು, ಮಾತಿಗೆ ಕೂಡಿಕೊಳ್ಳಬಹುದು. ನೋಡುವುದಕ್ಕೂ ಮಜಾ ಇರುತ್ತದೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಿ. ಎತ್ತರದ ಎರಡು ಕಂಬ, ನಡುವೆ ಅಡ್ಡಪಟ್ಟಿ ಕಂಡ ತಕ್ಷಣ ಅದು ರಗ್ಬಿ ಮೈದಾನ ಅಂದುಕೊಳ್ಳಬೇಡಿ. ಗೇಲಿಕ್ ಫುಟ್‌ಬಾಲ್ ಮತ್ತು ಹರ್ಲಿಂಗ್‌ಗೂ ಅಂಥದ್ದೇ ಕಂಬಗಳು. ಅಡ್ಡಪಟ್ಟಿಯ ಕೆಳಗೆ ಬಲೆ ಕಟ್ಟಿದ್ದರೆ ಅದು ಗೇಲಿಕ್ ಆಟಗಳ ಮೈದಾನ. ಆ ಆಟಗಳು ಇಲ್ಲಿ ರಗ್ಬಿಗಿಂತ ದೊಡ್ಡವು, ಆದರೆ ಅವುಗಳ ಆಟಗಾರರಿಗೆ ಸಂಬಳ ಇಲ್ಲ. ರಗ್ಬಿಯವರಿಗೆ ಇದೆ.

ನಿಯಮಗಳನ್ನು ಬಾಯಿಪಾಠ ಮಾಡಲು ಹೋಗಬೇಡಿ, ಇಲ್ಲಿಯವರಿಗೇ ಅರ್ಧ ಗೊತ್ತಿಲ್ಲ. ಒಂದು ತಂಡಕ್ಕೆ 15 ಜನ, 40 ನಿಮಿಷದ ಎರಡು ಅವಧಿ. ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಮುಂದೆ ಹೋಗಬೇಕೆಂದರೆ ಹಿಡಿದುಕೊಂಡು ಓಡಬೇಕು, ಇಲ್ಲವೇ ಒದೆಯಬೇಕು. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, 5 ಅಂಕ. ಆಮೇಲಿನ ಕಿಕ್‌ಗೆ 2. ಎದುರಾಳಿ ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿ ಕಿಕ್‌ಗೂ, ಆಟದ ನಡುವೆಯೇ ಚೆಂಡನ್ನು ನೆಲಕ್ಕೆ ಬಿಟ್ಟು ಒದೆಯುವ ಡ್ರಾಪ್ ಗೋಲ್‌ಗೂ 3. ಚೆಂಡು ಹಿಡಿದವನನ್ನು ಕೆಡವಿದ ಮೇಲೆ ಅವನು ಅದನ್ನು ಬಿಡಲೇಬೇಕು. ಅದರ ಮೇಲೆ ಎರಡೂ ಕಡೆಯವರು ನಿಂತು ತಳ್ಳಾಡುವುದೇ ರಕ್. ರಕ್‌ನಿಂದ ಚೆಂಡು ಹೊರಬಂದು ಮತ್ತೆ ದಾಳಿ ಶುರುವಾದರೆ ಒಂದು ಫೇಸ್ ಮುಗಿಯಿತು ಅಂತ ಲೆಕ್ಕ. 1ರಿಂದ 8ನೇ ನಂಬರ್‌ನವರು ಫಾರ್ವರ್ಡ್‌ಗಳು, ದಪ್ಪ ದಪ್ಪ ಆಳುಗಳು. 9ರಿಂದ 15 ಬ್ಯಾಕ್‌ಗಳು. 10ನೇ ನಂಬರ್‌ನವನನ್ನು ಇಲ್ಲಿ ಔಟ್‌ಹಾಫ್ ಅನ್ನುತ್ತಾರೆ, ಮುಂದಿನ ಚೆಂಡು ಎಲ್ಲಿಗೆ ಅಂತ ಹೇಳುವವನು ಅವನು.

ಇನ್ನು ದುಡ್ಡಿನ ವ್ಯವಸ್ಥೆ. ಇದು ಗೊತ್ತಿಲ್ಲದೆ ಐರ್ಲೆಂಡ್ ರಗ್ಬಿ ಅರ್ಥವಾಗುವುದಿಲ್ಲ. 1995ರ ಆಗಸ್ಟ್‌ವರೆಗೆ ರಗ್ಬಿ ಯೂನಿಯನ್‌ನಲ್ಲಿ, ಅಂದರೆ 15 ಜನರ ಈ ಆಟದಲ್ಲಿ, ಆಟಕ್ಕೆ ಸಂಬಳ ಕೊಡುವುದೇ ನಿಷಿದ್ಧ. ಆ ನಿಷೇಧ ಹೋದ ಮೇಲೆ ಇಂಗ್ಲೆಂಡ್, ಫ್ರಾನ್ಸ್‌ನಲ್ಲಿ ಕ್ಲಬ್‌ಗಳು ಶ್ರೀಮಂತ ಮಾಲೀಕರ ಕೈಗೆ ಬಂದವು. ಇಲ್ಲಿ ಹಾಗಾಗಲಿಲ್ಲ. ಐರ್ಲೆಂಡಿನ ರಗ್ಬಿ ಒಕ್ಕೂಟವಾದ ಐಆರ್‌ಎಫ್‌ಯು ಹಳೆಯ ನಾಲ್ಕು ಪ್ರಾಂತ್ಯಗಳನ್ನೇ ನಾಲ್ಕು ವೃತ್ತಿಪರ ತಂಡ ಮಾಡಿತು. ಡಬ್ಲಿನ್ ಕಡೆಗೆ ಲೆನ್‌ಸ್ಟರ್, ಲಿಮರಿಕ್ ಮತ್ತು ಕಾರ್ಕ್‌ಗೆ ಮನ್‌ಸ್ಟರ್, ಬೆಲ್‌ಫಾಸ್ಟ್‌ಗೆ ಅಲ್‌ಸ್ಟರ್, ಗಾಲ್ವೇಗೆ ಕಾನಾಕ್ಟ್. ದೊಡ್ಡ ಹೆಸರಿನ ಕೆಲವು ಆಟಗಾರರ ಕರಾರು ನೇರ ಒಕ್ಕೂಟದ ಜೊತೆ. ಯಾರಿಗೆ ಯಾವ ವಾರ ವಿಶ್ರಾಂತಿ ಅನ್ನುವುದರಲ್ಲೂ ಒಕ್ಕೂಟದ ಮಾತು ನಡೆಯುತ್ತದೆ. ಅದಕ್ಕೇ ಡಿಸೆಂಬರ್‌ನಲ್ಲಿ ಟಿಕೆಟ್ ತಗೊಂಡು ಹೋದರೆ ನೀವು ನೋಡಬೇಕೆಂದವನು ಮನೆಯಲ್ಲಿ ಕೂತಿರುತ್ತಾನೆ.

ಹೊರದೇಶದ ಕ್ಲಬ್‌ಗೆ ಹೋದವನನ್ನು ಐರ್ಲೆಂಡ್ ತಂಡಕ್ಕೆ ತಗೊಳ್ಳುವುದು ಬಹಳ ಅಪರೂಪ. ಇದು ಬರೆದಿಟ್ಟ ನಿಯಮವಲ್ಲ, ಆದರೆ ಎಲ್ಲರಿಗೂ ಗೊತ್ತು. ಜೊತೆಗೆ ತೆರಿಗೆಯ ಒಂದು ಸೌಲಭ್ಯವೂ ಇದೆ. ನಿವೃತ್ತರಾಗುವಾಗ ಆಟಗಾರರು ಹತ್ತು ವರ್ಷಗಳವರೆಗಿನ ಆಟದ ಗಳಿಕೆಯಲ್ಲಿ 40 ಶೇಕಡಾ ಭಾಗಕ್ಕೆ ವಿನಾಯಿತಿ ಕೇಳಬಹುದು. ನಮ್ಮ ಪೇಸ್ಲಿಪ್ ನೋಡಿಕೊಂಡು ಈ ವಾಕ್ಯ ಓದಬೇಡಿ, ಹೊಟ್ಟೆ ಉರಿಯುತ್ತದೆ.

ಈ ಬಿಗಿ ವ್ಯವಸ್ಥೆಯ ಬೆಲೆ ಗೊತ್ತಾಗಬೇಕಾದರೆ ಸುತ್ತ ನೋಡಿ. ಇಂಗ್ಲೆಂಡಿನ ವೃತ್ತಿಪರ ಲೀಗ್‌ನಲ್ಲಿ 2022-23ರ ಒಂದೇ ಸೀಸನ್‌ನಲ್ಲಿ ವೂಸ್ಟರ್, ವಾಸ್ಪ್ಸ್, ಲಂಡನ್ ಐರಿಷ್ ಮೂರೂ ಕ್ಲಬ್ ಮುಳುಗಿದವು. ಆಸ್ಟ್ರೇಲಿಯಾದಲ್ಲಿ ಮೆಲ್ಬರ್ನ್ ರೆಬೆಲ್ಸ್ 2024ರಲ್ಲಿ ಮುಚ್ಚಿತು. ವೇಲ್ಸ್‌ನಲ್ಲಿ ಕಾರ್ಡಿಫ್ ತಂಡವನ್ನು 2025ರ ಏಪ್ರಿಲ್‌ನಲ್ಲಿ ಅಲ್ಲಿಯ ಒಕ್ಕೂಟವೇ ವಹಿಸಿಕೊಳ್ಳಬೇಕಾಯಿತು. ಗಟ್ಟಿಯಾಗಿರುವುದು ಫ್ರಾನ್ಸ್. ಟಾಪ್ 14 ಲೀಗ್‌ಗೆ ಟಿವಿ ದುಡ್ಡು, ತುಂಬಿದ ಮೈದಾನ, ಊರಿನ ಅಭಿಮಾನ ಮೂರೂ ಇವೆ. ಕಡಿಮೆ ಪಂದ್ಯ, ಒಳ್ಳೆ ಸಂಬಳ ಬೇಕೆನ್ನುವ ದೊಡ್ಡ ಆಟಗಾರರು ಜಪಾನಿಗೆ ಹೋಗುತ್ತಾರೆ.

ಹಾಗಂತ ಇಲ್ಲಿ ಎಲ್ಲವೂ ಸರಿ ಇದೆ ಅಂತಲ್ಲ. ಜನಸಂಖ್ಯೆ ಡಬ್ಲಿನ್‌ನಲ್ಲಿ, ಬ್ಲಾಕ್‌ರಾಕ್ ಕಾಲೇಜಿನಂಥ ಫೀಸು ಕಟ್ಟುವ ಶಾಲೆಗಳು ಡಬ್ಲಿನ್‌ನಲ್ಲಿ. ಆ ಶಾಲೆಗಳಿಂದ ಹುಡುಗರು ಅರ್ಧ ತಯಾರಾಗಿಯೇ ಲೆನ್‌ಸ್ಟರ್‌ಗೆ ಬರುತ್ತಾರೆ. ಐರ್ಲೆಂಡಿನ 15ರಲ್ಲಿ ಅರ್ಧಕ್ಕಿಂತ ಜಾಸ್ತಿ ಲೆನ್‌ಸ್ಟರ್‌ನವರೇ ಇರುವುದು ಮಾಮೂಲು. ಉಳಿದ ಮೂರು ಪ್ರಾಂತ್ಯದವರಿಗೆ ಇದು ಮುಗಿಯದ ಜಗಳ. ಕಾನಾಕ್ಟ್ ತಂಡವನ್ನಂತೂ 2003ರಲ್ಲಿ ಖರ್ಚು ಉಳಿಸಲು ಮುಚ್ಚುವ ಮಾತೇ ಬಂದಿತ್ತು. ಅಭಿಮಾನಿಗಳು ಡಬ್ಲಿನ್‌ಗೆ ಮೆರವಣಿಗೆ ಬಂದು ಉಳಿಸಿಕೊಂಡರು. ಅದೇ ತಂಡ 2016ರಲ್ಲಿ ಲೀಗ್ ಫೈನಲ್‌ನಲ್ಲಿ ಲೆನ್‌ಸ್ಟರ್ ಅನ್ನು 20-10ರಿಂದ ಸೋಲಿಸಿತು. ಗಾಲ್ವೇ ಸಹೋದ್ಯೋಗಿ ಸಿಕ್ಕರೆ ಇದನ್ನು ಕೇಳಿ ನೋಡಿ, ಮಧ್ಯಾಹ್ನದ ಊಟ ಆರಿಹೋಗುತ್ತದೆ.

ಈಗ ಆಟದ ಶೈಲಿಗೆ ಬರೋಣ. ಟಿವಿ ಮುಂದೆ ಕೂತಾಗ ಒಂದೇ ಪ್ರಶ್ನೆ ಮನಸ್ಸಿನಲ್ಲಿಡಿ: ಈ ತಂಡ ಚೆಂಡನ್ನು ಇಟ್ಟುಕೊಳ್ಳುತ್ತಿದೆಯೋ, ಒದ್ದು ಎದುರಾಳಿಗೆ ಕೊಡುತ್ತಿದೆಯೋ? ಆ್ಯಂಡಿ ಫ್ಯಾರೆಲ್ ತರಬೇತಿಯ ಐರ್ಲೆಂಡ್ ಹೆಸರು ಮಾಡಿದ್ದು ಇಟ್ಟುಕೊಳ್ಳುವ ಆಟಕ್ಕೆ. ಮೂರು ಮೂರು ಫಾರ್ವರ್ಡ್‌ಗಳು ಗುಂಪಾಗಿ ಓಡಿ ಬರುತ್ತಾರೆ. ಚೆಂಡು ಅವರಲ್ಲಿ ಒಬ್ಬನಿಗೆ ಹೋಗಬಹುದು, ಇಲ್ಲವೇ ಕೊನೆ ಗಳಿಗೆಯಲ್ಲಿ ಅವರ ಬೆನ್ನ ಹಿಂದೆ ನಿಂತ ಔಟ್‌ಹಾಫ್‌ಗೆ ಹೋಗಬಹುದು. ಕೆಡವಿದ ತಕ್ಷಣ ರಕ್‌ನಿಂದ ಚೆಂಡು ಬೇಗ ಹೊರಬರಬೇಕು, ಎದುರಿನವರು ಸಾಲು ಸರಿಪಡಿಸಿಕೊಳ್ಳುವ ಮೊದಲೇ. ಔಟ್‌ಹಾಫ್ ಜಾನಿ ಸೆಕ್ಸ್‌ಟನ್ ಇದ್ದಾಗ ಇದು ಗಡಿಯಾರದಂತೆ ನಡೆಯುತ್ತಿತ್ತು. 2022ರಲ್ಲಿ ನ್ಯೂಜಿಲೆಂಡ್‌ಗೇ ಹೋಗಿ ಸರಣಿ ಗೆದ್ದರು, 2023ರಲ್ಲಿ ಸಿಕ್ಸ್ ನೇಷನ್ಸ್‌ನ ಐದೂ ಪಂದ್ಯ ಗೆದ್ದರು.

ಆ ಶೈಲಿಯ ಮಿತಿ ಕಂಡಿದ್ದು ಅದೇ ವರ್ಷ ಅಕ್ಟೋಬರ್ 14ರಂದು, ಪ್ಯಾರಿಸ್‌ನ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ. ನ್ಯೂಜಿಲೆಂಡ್ 28-24ರಿಂದ ಮುಂದಿತ್ತು. ಐರ್ಲೆಂಡ್ ಕೊನೆಯ ದಾಳಿಯಲ್ಲಿ 37 ಫೇಸ್ ಚೆಂಡು ಹಿಡಿದಿಟ್ಟುಕೊಂಡಿತು. ಒಂದು ತಪ್ಪಿಲ್ಲ, ಒಂದು ತೂತೂ ಸಿಗಲಿಲ್ಲ. ಕೊನೆಗೆ ನ್ಯೂಜಿಲೆಂಡ್‌ನ ಸ್ಯಾಮ್ ವೈಟ್‌ಲಾಕ್ ಚೆಂಡಿನ ಮೇಲೆ ಬಗ್ಗಿ ಪೆನಾಲ್ಟಿ ಗಿಟ್ಟಿಸಿದ, ಆಟ ಮುಗಿಯಿತು. ವಿಶ್ವಕಪ್‌ನಲ್ಲಿ ಐರ್ಲೆಂಡ್ ಇವತ್ತಿನವರೆಗೂ ಕ್ವಾರ್ಟರ್ ಫೈನಲ್ ದಾಟಿಲ್ಲ. ಈ ವಿಷಯವನ್ನು ನೀವಾಗಿ ಎತ್ತಬೇಡಿ.

ಒದ್ದು ಕೊಡುವ ಶಾಲೆಯ ಮೇಷ್ಟರು ದಕ್ಷಿಣ ಆಫ್ರಿಕಾದವರು. ಚೆಂಡನ್ನು ಎತ್ತರಕ್ಕೆ ಒದೆಯುವುದು, ಅದರ ಕೆಳಗೆ ಓಡುವುದು, ಗಾಳಿಯಲ್ಲಿ ಕಿತ್ತುಕೊಳ್ಳುವುದು. ಎದುರಾಳಿ ಕೈಜಾರಿಸಿದರೆ ಸ್ಕ್ರಮ್ (ಎರಡೂ ಕಡೆಯ ಎಂಟೆಂಟು ಫಾರ್ವರ್ಡ್‌ಗಳು ಹೆಗಲು ಕೊಟ್ಟು ತಳ್ಳಾಡುವುದು), ಸ್ಕ್ರಮ್‌ನಲ್ಲಿ ಹಿಂದಕ್ಕೆ ತಳ್ಳಿ ಪೆನಾಲ್ಟಿ, ಪೆನಾಲ್ಟಿಗೆ ಮೂರು ಅಂಕ. ಹೊಸಬರಿಗೆ ಇದು ಬೇಜಾರಿನ ಆಟ ಅನಿಸುತ್ತದೆ. ನನಗೆ ಹಾಗನಿಸುವುದಿಲ್ಲ. ಎರಡನೇ ಅವಧಿಯಲ್ಲಿ ಅವರ ಬೆಂಚ್ ಎದ್ದು ಬರುವುದನ್ನು ನೋಡಿ. ಎಂಟು ಬದಲಿ ಆಟಗಾರರಲ್ಲಿ ಸಾಮಾನ್ಯವಾಗಿ ಐವರು ಫಾರ್ವರ್ಡ್‌ಗಳು. ಇವರು ಆರು, ಒಮ್ಮೊಮ್ಮೆ ಏಳು ಜನರನ್ನು ಇಡುತ್ತಾರೆ. ಅದಕ್ಕೆ ಬಾಂಬ್ ಸ್ಕ್ವಾಡ್ ಅಂತ ಹೆಸರು. ದಣಿದವರ ಮೇಲೆ ಹೊಸ ಆಳುಗಳನ್ನು ಬಿಡುವ ಈ ಲೆಕ್ಕಾಚಾರ 2019 ಮತ್ತು 2023ರ ವಿಶ್ವಕಪ್ ತಂದುಕೊಟ್ಟಿತು. ಈಗ ಬೇರೆಯವರೂ ಕಲಿತಿದ್ದಾರೆ. ಫ್ರಾನ್ಸ್ 2025ರ ಮಾರ್ಚ್‌ನಲ್ಲಿ ಏಳು ಫಾರ್ವರ್ಡ್‌ಗಳ ಬೆಂಚ್ ಜೊತೆ ಡಬ್ಲಿನ್‌ಗೆ ಬಂದು 42-27ರಿಂದ ಗೆದ್ದು ಹೋಯಿತು. ಅದೇ ವರ್ಷ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಇಲ್ಲಿಗೇ ಬಂದು ಐರ್ಲೆಂಡಿನ ಸ್ಕ್ರಮ್ ಅನ್ನು ಮುರಿದು 24-13ರಿಂದ ಗೆದ್ದಿತು.

ನಡುವೆ ಇನ್ನೊಂದು ಬದಲಾವಣೆ ಆಗಿದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಮೊದಲೆಲ್ಲ ಎತ್ತರದ ಚೆಂಡು ಹಿಡಿಯುವವನ ಸುತ್ತ ಅವನ ತಂಡದವರು ಗೋಡೆಯಂತೆ ಓಡಿ ಎದುರಾಳಿಗೆ ದಾರಿ ಬಿಡುತ್ತಿರಲಿಲ್ಲ. 2024ರ ಕೊನೆಯಿಂದ ರೆಫರಿಗಳು ಇದನ್ನು ಬಿಗಿಯಾಗಿ ತಡೆಯುತ್ತಿದ್ದಾರೆ. ಈಗ ಗಾಳಿಯಲ್ಲಿರುವ ಚೆಂಡು ಯಾರಿಗೆ ಬೇಕಾದರೂ ಸಿಗಬಹುದು. ಒದೆಯುವುದು ಮೊದಲಿಗಿಂತ ಲಾಭದ ಕೆಲಸ ಆಯಿತು, ಫೇಸ್ ಮೇಲೆ ಫೇಸ್ ಕಟ್ಟುವ ಐರ್ಲೆಂಡಿನ ಆಟ ಅಷ್ಟರ ಮಟ್ಟಿಗೆ ದುಬಾರಿಯಾಯಿತು.

ಲೆನ್‌ಸ್ಟರ್ ಕಥೆಯಲ್ಲಿ ಇವೆರಡೂ ಶಾಲೆಗಳು ಸೇರುತ್ತವೆ. ಯುರೋಪಿನ ಚಾಂಪಿಯನ್ಸ್ ಕಪ್ ನಾಲ್ಕು ಸಲ ಗೆದ್ದ ತಂಡ. 2022 ಮತ್ತು 2023ರ ಫೈನಲ್‌ಗಳಲ್ಲಿ ಫ್ರಾನ್ಸಿನ ಲಾ ರೊಶೆಲ್ ಎದುರು ಸೋತಿತು. ಎರಡನೆಯದು ಡಬ್ಲಿನ್‌ನಲ್ಲೇ, 17-0 ಮುಂದಿದ್ದು 27-26ರಿಂದ. ಲಾ ರೊಶೆಲ್ ತರಬೇತುದಾರ ಯಾರು ಗೊತ್ತಾ? ರೋನನ್ ಓಗಾರಾ, ಮನ್‌ಸ್ಟರ್‌ನ ಹಳೇ ಔಟ್‌ಹಾಫ್. ಲಿಮರಿಕ್‌ನವರ ಖುಷಿ ಕೇಳಬೇಡಿ. ಆಮೇಲೆ ಲೆನ್‌ಸ್ಟರ್ ದಕ್ಷಿಣ ಆಫ್ರಿಕಾದ ವಿಶ್ವಕಪ್ ಕೋಚ್ ಜಾಕ್ ನೀನಾಬರ್ ಅವರನ್ನು ಕರೆತಂದಿತು. ಅವರು ತಂದಿದ್ದು ನುಗ್ಗುವ ರಕ್ಷಣೆ: ಸಾಲಿನ ಹೊರತುದಿಯವರು ಕಾಯದೆ ಮುಂದಕ್ಕೆ ಧಾವಿಸಿ ಅಗಲದ ಪಾಸ್ ಕತ್ತರಿಸುತ್ತಾರೆ. ಸಿಕ್ಕಿದರೆ ಎದುರಾಳಿ ಹತ್ತು ಮೀಟರ್ ಹಿಂದಕ್ಕೆ, ತಪ್ಪಿದರೆ ಬೆನ್ನ ಹಿಂದೆ ಬಯಲು. ಆಕರ್ಷಕ ದಾಳಿ ಹೋಯಿತು ಅಂತ ಹಳೆ ಅಭಿಮಾನಿಗಳ ಗೊಣಗಾಟ ಇದ್ದೇ ಇದೆ. 2024ರಲ್ಲಿ ಟುಲೂಸ್ ಎದುರು ಮತ್ತೊಂದು ಫೈನಲ್ ಸೋತರು. 2025ರ ಜೂನ್‌ನಲ್ಲಿ ಕ್ರೋಕ್ ಪಾರ್ಕ್‌ನಲ್ಲಿ ಪ್ರಿಟೋರಿಯಾದ ಬುಲ್ಸ್ ತಂಡವನ್ನು 32-7ರಿಂದ ಸೋಲಿಸಿ ಯುಆರ್‌ಸಿ ಲೀಗ್ (ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಇಟಲಿ, ದಕ್ಷಿಣ ಆಫ್ರಿಕಾದ ತಂಡಗಳು ಆಡುವ ಲೀಗ್) ಗೆದ್ದಾಗ ಗೊಣಗಾಟ ಸ್ವಲ್ಪ ದಿನ ನಿಂತಿತ್ತು.

ಜಾಮಿಸನ್ ಗಿಬ್ಸನ್ ಪಾರ್ಕ್, ಜೇಮ್ಸ್ ಲೋ, ಬಂಡೀ ಆಕಿ ಮೂವರೂ ನ್ಯೂಜಿಲೆಂಡ್‌ನಲ್ಲಿ ಹುಟ್ಟಿದವರು, ಇಲ್ಲಿ ಮೂರು ವರ್ಷ ನೆಲೆಸಿ ಐರ್ಲೆಂಡ್ ಪರ ಆಡಿದವರು. ಈಗ ಆ ಅವಧಿ ಐದು ವರ್ಷ ಆಗಿದೆ. ನಮ್ಮ ಪೌರತ್ವದ ಅರ್ಜಿಗೂ ಐದು ವರ್ಷ, ಅವರ ಹಸಿರು ಜೆರ್ಸಿಗೂ ಐದು ವರ್ಷ.

ಪಂದ್ಯಕ್ಕೆ ಹೋಗುವುದಾದರೆ ಮೊದಲ ಸಲ ಸಿಕ್ಸ್ ನೇಷನ್ಸ್ ಟಿಕೆಟ್‌ಗೆ ಒದ್ದಾಡಬೇಡಿ. ಹೆಚ್ಚಿನವು ಕ್ಲಬ್‌ಗಳ ಮೂಲಕ ಹಂಚಿಹೋಗುತ್ತವೆ, ಬೆಲೆಯೂ ಜಾಸ್ತಿ. ಆ ಪಂದ್ಯಗಳು ಆರ್‌ಟಿಇ ಮತ್ತು ವರ್ಜಿನ್ ಮೀಡಿಯಾದಲ್ಲಿ ಉಚಿತವಾಗಿ ಬರುತ್ತವೆ. ಲೆನ್‌ಸ್ಟರ್‌ನ ಯುಆರ್‌ಸಿ ಪಂದ್ಯಕ್ಕೆ ಟಿಕೆಟ್ ಸುಲಭ. ಅವರ ಆರ್‌ಡಿಎಸ್ ಮೈದಾನದ ಸ್ಟ್ಯಾಂಡ್ ಹೊಸದಾಗಿ ಕಟ್ಟುವ ಕೆಲಸದಿಂದಾಗಿ 2024ರಿಂದ ಪಂದ್ಯಗಳು ಡಬ್ಲಿನ್‌ನ ಅವೀವಾ ಸ್ಟೇಡಿಯಂಗೆ ಸರಿದವು, ಹಾಗಾಗಿ ಮೈದಾನದ ಹೆಸರು ನೋಡಿಕೊಂಡು ಹೊರಡಿ. ಅವೀವಾಗೆ ಡಾರ್ಟ್ ರೈಲಿನಲ್ಲಿ ಲ್ಯಾನ್ಸ್‌ಡೌನ್ ರೋಡ್ ಸ್ಟೇಷನ್. ಸಸ್ಯಾಹಾರಿಗಳು ಒಳಗಿನ ತಿಂಡಿ ನಂಬಿಕೊಳ್ಳದೆ ಊಟ ಮಾಡಿ ಹೋಗಿ. ಎರಡೂ ತಂಡದ ಅಭಿಮಾನಿಗಳು ಇಲ್ಲಿ ಬೆರೆತೇ ಕೂರುತ್ತಾರೆ. ದೇಶದ ಪಂದ್ಯವಾದರೆ ಎರಡು ಹಾಡಿಗೆ ಎದ್ದು ನಿಲ್ಲಬೇಕು. ಒಂದು ಗಣರಾಜ್ಯದ ರಾಷ್ಟ್ರಗೀತೆ, ಇನ್ನೊಂದು ಉತ್ತರ ಐರ್ಲೆಂಡಿನವರನ್ನೂ ಸೇರಿಸಿಕೊಳ್ಳಲು 1995ರಲ್ಲಿ ಬರೆಸಿದ್ದು, ಯಾಕೆಂದರೆ ತಂಡ ಇಡೀ ದ್ವೀಪದ್ದು.

ಒಂದು ಮುಖ್ಯ ವಿಷಯ. ಯಾರಾದರೂ ಕಂಬದ ಕಡೆ ಕಿಕ್ ಹೊಡೆಯಲು ನಿಂತಾಗ ಮೈದಾನ ಪೂರ್ತಿ ಸುಮ್ಮನಾಗುತ್ತದೆ, ಎದುರಾಳಿಯ ಕಿಕ್ ಆದರೂ ಸರಿ. ಚಿನ್ನಸ್ವಾಮಿ ಸ್ಟೇಡಿಯಂನ ಅಭ್ಯಾಸದಲ್ಲಿ ಸಿಳ್ಳೆ ಹಾಕಿದರೆ ಸುತ್ತಲಿನವರೆಲ್ಲ ತಿರುಗಿ ನೋಡುತ್ತಾರೆ. ಲಿಮರಿಕ್‌ನ ಥೋಮಂಡ್ ಪಾರ್ಕ್‌ನಲ್ಲಂತೂ ಕೆಮ್ಮುವುದಕ್ಕೂ ಯೋಚಿಸಬೇಕು.

ಆಡುವ ಆಸೆ ಇದ್ದರೆ ಬೇಸಿಗೆಯಲ್ಲಿ ಆಫೀಸಿನವರು ಟ್ಯಾಗ್ ರಗ್ಬಿ ತಂಡ ಕಟ್ಟುತ್ತಾರೆ, ಹೆಸರು ಕೊಡಿ. ಸೊಂಟದ ಬೆಲ್ಟಿಗೆ ಅಂಟಿಸಿದ ಪಟ್ಟಿ ಕಿತ್ತರೆ ಟ್ಯಾಕಲ್ ಆದ ಲೆಕ್ಕ, ಯಾರೂ ಯಾರನ್ನೂ ಕೆಡವುವುದಿಲ್ಲ. ಗಂಡಸರು ಹೆಂಗಸರು ಒಟ್ಟಿಗೆ ಆಡುತ್ತಾರೆ. ಮಕ್ಕಳಿಗೆ ಊರೂರಿನ ಕ್ಲಬ್‌ಗಳಲ್ಲಿ ವಾರಾಂತ್ಯದ ಬೆಳಿಗ್ಗೆ ಮಿನಿ ರಗ್ಬಿ ಇರುತ್ತದೆ. ತೀರಾ ಚಿಕ್ಕವರಿಗೆ ಟ್ಯಾಗ್ ಮಾತ್ರ. ದೊಡ್ಡವರಾಗಿ ಟ್ಯಾಕಲ್ ಶುರುವಾದ ಮೇಲೆ ತಲೆಗೆ ಪೆಟ್ಟಿನ ವಿಷಯ ಕೋಚ್ ಹತ್ತಿರ ನೇರವಾಗಿ ಕೇಳಿ, ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಊರಲ್ಲಿ ಅಜ್ಜ ಅಜ್ಜಿಗೆ ಇದೇನು ಆಟ ಅನ್ನುವ ಚಿಂತೆ ಬಂದರೆ, 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಅನ್ನುವ ತಂಡವೂ ಆಡಿತ್ತು ಅಂತ ಹೇಳಿ. ಅದು ಏಳು ಜನರ ಆಟ, ಆದರೂ ಹೆಸರು ಕೆಲಸಕ್ಕೆ ಬರುತ್ತದೆ.

ಸೋಮವಾರದ ಮಾತಿಗೆ ಒಂದೇ ಎಚ್ಚರಿಕೆ. ಸೆಕ್ಸ್‌ಟನ್ ನಿವೃತ್ತಿಯಾದ ಮೇಲೆ 10ನೇ ಜೆರ್ಸಿ ಮನ್‌ಸ್ಟರ್‌ನ ಜಾಕ್ ಕ್ರೌಲಿಗೋ, ಲೆನ್‌ಸ್ಟರ್‌ನ ಸ್ಯಾಮ್ ಪ್ರೆಂಡರ್‌ಗಾಸ್ಟ್‌ಗೋ ಅನ್ನುವ ವಾದ ಶುರುವಾಗಿದೆ. ಎದುರಿಗಿರುವವರ ಊರು ಯಾವುದು ಅಂತ ತಿಳಿದುಕೊಂಡು ಬಾಯಿ ಬಿಡಿ.