ಏಳು ಸಾವಿರ ರೂಪಾಯಿ ಕಳೆದ ಮೇಲೆ ಕೂತ ಅಚ್ಚು

ಕುಂದಾಪುರದ ಹತ್ತಿರ ಗಂಗೊಳ್ಳಿ ಅಳಿವೆಯಲ್ಲಿ ಗಾಳ ಎಸೆಯುವವರಿಗೆ ಪಫರ್ ಮೀನಿನ ಕಾಟ ಹೇಳಬೇಕಾಗಿಲ್ಲ. ಲ್ಯೂರ್, ಅಂದರೆ ಮೀನನ್ನು ಸೆಳೆಯುವ ಮೆದು ಪ್ಲಾಸ್ಟಿಕ್ಕಿನ ನಕಲಿ ಮೀನು, ನೀರಿಗೆ ಬಿದ್ದು ರೀಲ್ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಬಾಲ ಹೋಗಿರುತ್ತದೆ, ಕತ್ತರಿ ಹಾಕಿದ ಹಾಗೆ. ಬಾಲವಿಲ್ಲದ ಲ್ಯೂರ್ ಅಂದರೆ ಬರೀ ರಬ್ಬರ್ ತುಂಡು. ನಾಲ್ಕಿಂಚಿನ ಐದು ಲ್ಯೂರಿನ ಪ್ಯಾಕೆಟ್ಟಿಗೆ ಸುಮಾರು 350 ರೂಪಾಯಿ. ಒಂದು ಸಂಜೆಯ ಇಳಿತಕ್ಕೆ ಒಂದು ಪ್ಯಾಕೆಟ್ ಖಾಲಿ. ನಾನು ಹಿಡಿದು ತರುವ ಕೆಂಬೇರಿ ಮೀನಿಗಿಂತ ಪೇಟೆಯ ಕೆಂಬೇರಿಯೇ ಅಗ್ಗ ಅಂತ ಹೆಂಡತಿ ಲೆಕ್ಕ ಹಾಕಿ ತೋರಿಸಿದಳು. ಲ್ಯೂರನ್ನು ಮನೆಯಲ್ಲೇ ಹೊಯ್ಯುವ ಅಚ್ಚಿನ ಹುಚ್ಚು ಹಿಡಿದದ್ದು ಅಲ್ಲಿಂದ.

ಜೊತೆಗೆ ಗಾಳ ಹಾಕುವವರು ನಕ್ಕರು. "ಅಲ್ಯೂಮಿನಿಯಂ ಅಚ್ಚಿಲ್ದೆ ಅದೆಲ್ಲ ಆಪ್ ಕತಿ ಅಲ್ಲ ಮಾರ್ರೆ" ಅಂದವರೊಬ್ಬರು ಈಗ ನನ್ನ ಲ್ಯೂರ್ ಕೇಳಿಕೊಂಡು ಬರುತ್ತಾರೆ, ಅದು ಆಮೇಲಿನ ಮಾತು. ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ (ಸಿಎನ್‌ಸಿ) ಅಲ್ಯೂಮಿನಿಯಂ ಅಚ್ಚು ಕೊರೆಸಲು ವಿಚಾರಿಸಿದ್ದೆ. 18 ಸಾವಿರವೋ 20 ಸಾವಿರವೋ ಅಂದರು. ಅಷ್ಟು ದುಡ್ಡಿದ್ದರೆ ಹೊಸ ರೀಲ್ ತಗೊಳ್ಳುತ್ತಿದ್ದೆ.

ಮೊದಲು ಎಲ್ಲರ ಹಾಗೆ ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಶುರು ಮಾಡಿದ್ದು ಜೂನ್ ಕೊನೆಯಲ್ಲಿ, ಅದೇ ತಪ್ಪು. ನಮ್ಮ ಕಡೆಯ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಪಿಒಪಿ ಒಣಗುತ್ತದೆಯೇ? ಮುಟ್ಟಿದರೆ ಒಣಗಿದ ಹಾಗೇ ಇತ್ತು. 170 ಡಿಗ್ರಿಗೆ ಕಾಯಿಸಿದ ಪ್ಲಾಸ್ಟಿಸಾಲ್ (ಲ್ಯೂರ್ ಮಾಡುವ ದ್ರವ ಪ್ಲಾಸ್ಟಿಕ್) ಹೊಯ್ದ ತಕ್ಷಣ ಒಳಗಿನ ನೀರು ಆವಿಯಾಗಿ ಬುಳಬುಳ ಅಂತ ಮೇಲೆ ಬಂತು. ಲ್ಯೂರ್ ಬಿಡಿಸಿದರೆ ಮೈತುಂಬ ಸಿಡುಬಿನ ಕಲೆ. ಅಚ್ಚುಗಳನ್ನು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ, ಒಣಗಲಿಟ್ಟ ಕೊಬ್ಬರಿಯ ಪಕ್ಕ, ಹತ್ತು ದಿನ ಇಟ್ಟೆ. ಅವು ಚೆನ್ನಾಗಿ ಒಣಗಿದವು. ಆ ತಾಳ್ಮೆ ಮುಂದಿನ ಅಚ್ಚಿಗೆ ಇರಲಿಲ್ಲ, ನೇರ ಒಲೆಯ ಬಾಯಿಗೇ ಇಟ್ಟೆ. ಪಿಒಪಿ ಅತಿಯಾಗಿ ಕಾದರೆ ಒಳಗಿನ ಬಲವೇ ಹೋಗಿ ಅಂಚು ಪುಡಿಪುಡಿಯಾಗುತ್ತದೆ ಅಂತ ಗೊತ್ತಾಗಿದ್ದು ಹಾಗೆ. ಸರಿಯಾಗಿ ಒಣಗಿಸಿ, ನೀರು ಬೆರೆಸಿದ ಫೆವಿಕಾಲ್ ಎರಡು ಕೋಟ್ ಕೊಟ್ಟದ್ದು 25 ಲ್ಯೂರ್ ತನಕ ಬಾಳಿತು. ಆಮೇಲೆ ಬಾಲದ ಕುತ್ತಿಗೆಯ ಹತ್ತಿರ ಚಕ್ಕೆ ಎದ್ದಿತು. ಆ ಕುತ್ತಿಗೆಯೇ ಎಲ್ಲ. ಅದು ದಪ್ಪವಾದರೆ ಬಾಲ ಆಡುವುದಿಲ್ಲ, ತೀರಾ ತೆಳುವಾದರೆ ಜೋರಾಗಿ ಎರಡು ಸಲ ಎಸೆಯುವಷ್ಟರಲ್ಲಿ ಹರಿಯುತ್ತದೆ.

ಆಮೇಲೆ ಸಿಲಿಕಾನ್. ದುಬಾರಿಯದ್ದೇ ಒಳ್ಳೆಯದು ಅಂದುಕೊಂಡು ಪ್ಲಾಟಿನಂ ಕ್ಯೂರ್ (ಪ್ಲಾಟಿನಂ ಬಲದಿಂದ ಗಟ್ಟಿಯಾಗುವ ಸಿಲಿಕಾನ್) ತರಿಸಿದೆ, ಎರಡು ಸಾವಿರದ ಚಿಲ್ಲರೆ. ಮಾಸ್ಟರನ್ನು, ಅಂದರೆ ಅಚ್ಚು ತೆಗೆಯುವ ಮಾದರಿ ಲ್ಯೂರನ್ನು, ಮಕ್ಕಳ ಬಣ್ಣದ ಮಣ್ಣಿನಲ್ಲಿ ಅರ್ಧ ಹುಗಿದು ಹೊಯ್ದೆ. ಮರುದಿನ ನೋಡಿದರೆ ಮಣ್ಣಿಗೆ ತಾಗಿದಲ್ಲೆಲ್ಲ ಹಲಸಿನ ಮೇಣದ ಹಾಗೆ ಅಂಟಂಟು. ಮಣ್ಣಿನಲ್ಲಿ ಗಂಧಕ ಇದ್ದರೆ ಪ್ಲಾಟಿನಂ ಸಿಲಿಕಾನ್ ಗಟ್ಟಿಯಾಗುವುದೇ ಇಲ್ಲ. ಪೂರಾ ಕಸ. ಇನ್ನೊಂದು ಬಗೆಯ ಸಿಲಿಕಾನ್ ಟಿನ್ ಕ್ಯೂರ್‌ಗೆ ಇಷ್ಟು ಮಡಿ ಇಲ್ಲ, ಕಿಲೋಗೆ 1,200ರ ಆಸುಪಾಸು. ಅದರಲ್ಲಿ ಅಚ್ಚಿನ ಮೊದಲ ಹೋಳು ಚೆಂದ ಬಂದ ಖುಷಿಯಲ್ಲಿ ವ್ಯಾಸಲಿನ್ ಹಚ್ಚದೆ ಎರಡನೆಯದನ್ನು ಹೊಯ್ದೆ. ಎರಡೂ ಸೇರಿ ಒಂದೇ ಇಟ್ಟಿಗೆ, ಒಳಗೆ ನನ್ನ ಮಾಸ್ಟರ್. ಕೊಯ್ದು ತೆಗೆಯುವಾಗ ಹೆಂಡತಿ, "ಸಿಸೇರಿಯನ್ನಾ?" ಅಂದಳು.

ಈ ನಡುವೆ ಬೇರೆ ಹುಚ್ಚಾಟಗಳೂ ಆದವು. ಗ್ಲೂ ಗನ್ ಕಡ್ಡಿ ಕರಗಿಸಿ ಹೊಯ್ದೆ. ತೇಲುತ್ತದೆ, ಬಾಲ ಸೆಟೆದು ನಿಲ್ಲುತ್ತದೆ, ಮೀನು ತಿರುಗಿಯೂ ನೋಡುವುದಿಲ್ಲ. ಬಾತ್‌ರೂಮಿಗೆ ಹಾಕುವ ಸಿಲಿಕಾನ್ ಸೀಲಂಟನ್ನು ಕಾರ್ನ್‌ಫ್ಲೋರ್ ಜೊತೆ ಚಪಾತಿ ಹಿಟ್ಟಿನ ಹಾಗೆ ಕಲಸಿ ಹುಳುವಿನ ಆಕಾರ ಒತ್ತಿದೆ. ಮನೆಯೆಲ್ಲ ವಿನೆಗರ್ ವಾಸನೆ, ಆದರೆ ಅರ್ಧ ಗಂಟೆಯಲ್ಲಿ ಅಚ್ಚು ರೆಡಿ, ಅದು ಇವತ್ತಿಗೂ ಇದೆ. ನಿಜವಾದ ಚಟ್ಲಿಯನ್ನೇ (ಸೀಗಡಿ) ಪಿಒಪಿಯಲ್ಲಿ ಹೂತದ್ದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೂರನೇ ದಿನ ಬೆಕ್ಕು ಅಚ್ಚನ್ನು ಅಂಗಳಕ್ಕೆ ಎಳೆದುಕೊಂಡು ಹೋಗಿತ್ತು.

ಕೊನೆಗೆ ಕೆಲಸ ಕೊಟ್ಟದ್ದು ಎರಡೂ ಸೇರಿಸಿದ ದಾರಿ: ಒಳಗೆ ಸಿಲಿಕಾನ್ ಚರ್ಮ, ಹೊರಗೆ ಪಿಒಪಿ ಕವಚ. ಮಾಸ್ಟರ್ ಕೆತ್ತಿದ್ದು ಹಾಲೆ ಮರದಲ್ಲಿ, ಆಷಾಢ ಅಮಾವಾಸ್ಯೆಗೆ ತೊಗಟೆಯ ಕಷಾಯ ಕುಡಿಯುತ್ತೇವಲ್ಲ, ಅದೇ. ಹಗುರ, ಚಾಕುವಿಗೆ ಮೆದು. ವಾರ್ನಿಷ್ ಮೂರು ಕೋಟ್. ಸಿಲಿಕಾನಿನ ಮೊದಲ ಪದರವನ್ನು ಬ್ರಷ್‌ನಲ್ಲಿ, ಕಣ್ಣು ಮತ್ತು ಕಿವಿರಿನ ಗೆರೆಗಳಿಗೆ ಕುಟ್ಟಿ ಕುಟ್ಟಿ ಹಚ್ಚಬೇಕು, ಗುಳ್ಳೆ ಹೋಗಲು. ಅದು ಅಂಟುಅಂಟಾಗಿರುವಾಗಲೇ ಎರಡನೆಯದು, ಮೂರನೆಯದು. ಅದರ ಮೇಲೆ ಪಿಒಪಿ. ಪೂರ್ತಿ ಸಿಲಿಕಾನಿನದೇ ಅಚ್ಚಿಗೆ 450 ಗ್ರಾಂ ಹಿಡಿಯುತ್ತಿದ್ದಲ್ಲಿ ಈಗ 150 ಸಾಕು. ಬಿಸಿ ಪ್ಲಾಸ್ಟಿಕ್ ಪಿಒಪಿಗೆ ತಾಗುವುದೇ ಇಲ್ಲ, ಹಾಗಾಗಿ ಆವಿಯ ಗಲಾಟೆಯೂ ಇಲ್ಲ. ಸಿಲಿಕಾನ್ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಮಾತ್ರ ತೂಕ ಮಾಡಿಯೇ ಹಾಕಿ. ಮಳೆಗಾಲದ ತೇವಕ್ಕೆ ಟಿನ್ ಕ್ಯೂರ್ ಬೇಗ ಬಿಗಿಯುತ್ತದೆ, ಒಮ್ಮೆ ಬ್ರಷ್ ಸಮೇತ ಬಿಗಿದಿತ್ತು.

ತುಂಬಲು ದನಗಳಿಗೆ ಇಂಜೆಕ್ಷನ್ ಕೊಡುವ 50 ಎಂಎಲ್ ಲೋಹದ ಸಿರಿಂಜ್. ಮೊದಲು ಬಿಸಿ ಮಾಡಿಕೊಳ್ಳದಿದ್ದರೆ ಪ್ಲಾಸ್ಟಿಕ್ ಮೂತಿಯಲ್ಲೇ ಕಟ್ಟಿಕೊಳ್ಳುತ್ತದೆ. ಗಾಳಿ ಹೋಗಲು ಬಾಲದ ತುದಿಯಲ್ಲಿ ಕೂದಲೆಳೆಯಷ್ಟು ಗೀರು ಬೇಕು. ಅದನ್ನು ಯಾವ ಕೋನದಲ್ಲಿ ಕೊಯ್ಯಬೇಕು, ಪ್ಲಾಸ್ಟಿಸಾಲಿಗೆ ಉಪ್ಪಿನ ಜೊತೆ ಇನ್ನೇನು ಹಾಕುತ್ತೇನೆ, ಇವೆರಡು ನನ್ನ ಹತ್ತಿರವೇ ಇರಲಿ. ಕಾಯಿಸುವುದು ಹೊರಗೇ ಆಗಲಿ. ಒಮ್ಮೆ 200 ದಾಟಿ ಕಪ್ಪಾಗಿ, ಆ ಹೊಗೆಗೆ ಕಣ್ಣು, ಗಂಟಲು ಎರಡೂ ಉರಿದುಹೋದವು. ಆ ಪಾತ್ರೆ ಅಡುಗೆಮನೆ ಹೊಕ್ಕರೆ ನಾನೂ ಅದರ ಜೊತೆ ಹೊರಗೆ ಅಂತ ಆದೇಶವಾಗಿದೆ.

ಲೀಟರ್ ಪ್ಲಾಸ್ಟಿಸಾಲ್ 900ಕ್ಕೆ ಬಂದರೆ ಸುಮಾರು 80 ಲ್ಯೂರ್, ಒಂದಕ್ಕೆ 11 ರೂಪಾಯಿ ಚಿಲ್ಲರೆ. ಬಾಲ ಹರಿದವನ್ನು ಮತ್ತೆ ಕರಗಿಸುತ್ತೇನೆ. ಅಚ್ಚು ಇನ್ನೂರು ದಾಟಿದೆ, ಅಂಚು ಇನ್ನೂ ಗಟ್ಟಿಯಿದೆ. ಕಳೆದ ತಿಂಗಳು ಅದೇ ಲ್ಯೂರಿಗೆ ಎರಡೂವರೆ ಕಿಲೋದ ಕೆಂಬೇರಿ ಬಿತ್ತು.

'ಆಪ್ ಕತಿ ಅಲ್ಲ' ಅಂದವರಿಗೆ ಹತ್ತು ಕೊಟ್ಟೆ, ಒಂದಕ್ಕೆ 20ರಂತೆ. ವಾರ ಕಳೆದು ಫೋನ್: ತಮ್ಮ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಂಪನಿಯ ಕ್ರ್ಯಾಂಕ್‌ಬೈಟ್ (ಬಣ್ಣ ಹಚ್ಚಿದ ಗಟ್ಟಿ ಲ್ಯೂರ್) ಪಕ್ಕ ಇಟ್ಟಿದ್ದರಂತೆ, ಬಣ್ಣ, ಡಬ್ಬಿ, ಲ್ಯೂರ್ ಎಲ್ಲ ಕರಗಿ ಒಂದಾಗಿದೆಯಂತೆ. ಜಿಪ್ ಕವರಿನಲ್ಲೇ ಇಡಿ ಅಂತ ಹೇಳಿಯೇ ಕೊಟ್ಟಿದ್ದೆ. ದುಡ್ಡು ವಾಪಸ್ ಕೊಟ್ಟಿಲ್ಲ.