ಗೋಲ್ಡನ್ ರಿಟ್ರೀವರ್‌ಗೆ ಸ್ನಾನ: ಒಣಗಿಸುವುದೇ ನಿಜವಾದ ಕೆಲಸ

ಮಳೆಗಾಲದಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಗೋಲ್ಡನ್ ರಿಟ್ರೀವರ್ ನಾಯಿ ಸಾಕಿದವರ ದೂರು ಎರಡೇ: ಮೈಯೆಲ್ಲ ಮುಗ್ಗಲು ವಾಸನೆ, ಕಿವಿ ಕೆರೆತ. ಪರಿಹಾರವೆಂದು ವಾರವಾರ ಸ್ನಾನ ಮಾಡಿಸಿ, ಹಸಿಮೈಯಲ್ಲೇ ಬಿಟ್ಟುಬಿಡುತ್ತಾರೆ.

ಸ್ಕಾಟ್‌ಲೆಂಡಿನಲ್ಲಿ ಲಾರ್ಡ್ ಟ್ವೀಡ್‌ಮೌತ್ 19ನೇ ಶತಮಾನದಲ್ಲಿ ಈ ತಳಿ ಬೆಳೆಸಿದ್ದು, ಗುಂಡೇಟಿಗೆ ಬಿದ್ದ ಹಕ್ಕಿಯನ್ನು ನೀರಿಗಿಳಿದಾದರೂ ಹೆಕ್ಕಿ ತರಲೆಂದು. ಹಾಗಾಗಿ ಮೇಲೆ ನೀರು ಜಾರಿಸುವ ಉದ್ದ ಕೂದಲು, ಕೆಳಗೆ ದಟ್ಟ ಒಳಗೂದಲು. ಈ ಒಳಗೂದಲು ಬುಡದವರೆಗೆ ನೆನೆದರೆ ಬೇಗ ಒಣಗುವುದಿಲ್ಲ.

ನೀರು ಮುಟ್ಟಿಸುವ ಮೊದಲೇ ಬಾಚಿ. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಹಿಂದೆ ಇರುವ ಗಂಟುಗಳು ನೆನೆದರೆ ಇನ್ನಷ್ಟು ಬಿಗಿಯುತ್ತವೆ. ರಕ್ತ ಹೀರುವ ಉಣ್ಣಿ ಇದ್ದರೂ ಆಗಲೇ ಕಣ್ಣಿಗೆ ಬೀಳುತ್ತದೆ.

ಉಗುರುಬೆಚ್ಚಗಿನ ನೀರು, ನಾಯಿಯದೇ ಶಾಂಪೂ, ನೊರೆ ಪೂರ್ತಿ ಹೋಗುವವರೆಗೆ ತೊಳೆಯುವುದು, ಅಷ್ಟೇ. ಘಮಘಮ ಎನ್ನುವ ಬಾಟಲಿಗಳನ್ನು ನಾನಂತೂ ಕೊಳ್ಳುವುದಿಲ್ಲ. ಸ್ನಾನದ ಬದಲು ಉದುರಿಸುವ ಪೌಡರ್ ಮಳೆಗಾಲದಲ್ಲಿ ಒದ್ದೆ ಕೂದಲಿಗೆ ಮೆತ್ತಿಕೊಂಡು ಕೂರುತ್ತದೆ, ಬೇಡವೇ ಬೇಡ.

ಈಗ ಒಣಗಿಸುವುದು. ಮೊದಲು ಅದು ಮೈ ಕೊಡವಲಿ, ನೀವು ದೂರ ನಿಲ್ಲಿ. ಆಮೇಲೆ ಹಳೆಯ ಹತ್ತಿ ಪಂಚೆಯಿಂದ ಒತ್ತಿ ಒತ್ತಿ ನೀರು ಹೀರಿಸಿ. ಗಸಗಸ ಉಜ್ಜಿದರೆ ಮತ್ತೆ ಗಂಟು. ಡ್ರೈಯರನ್ನು ತಣ್ಣನೆ ಗಾಳಿಗಿಟ್ಟು, ಇನ್ನೊಂದು ಕೈಯಿಂದ ಕೂದಲನ್ನು ಬುಡದವರೆಗೆ ಬಿಡಿಸುತ್ತಾ ಹೋಗಿ. ಕುತ್ತಿಗೆ, ಎದೆ, ಹೊಟ್ಟೆ, ತೊಡೆಯ ಹಿಂಭಾಗ, ಬಾಲದ ಬುಡ, ಯಾವುದನ್ನೂ ಬಿಡಬೇಡಿ. ಪೂರ್ತಿ ಒಣಗುವವರೆಗೆ ಕೊರಳಪಟ್ಟಿ ಹಾಕಬೇಡಿ. ಕೂದಲಿನ ಎದುರು ದಿಕ್ಕಿಗೆ ಬೆರಳು ತೂರಿಸಿ ಚರ್ಮ ಮುಟ್ಟಿನೋಡಿ: ತಣ್ಣಗಿದ್ದರೆ ಇನ್ನೂ ತೇವವಿದೆ. 'ಫ್ಯಾನ್ ಹಾಕಿದೀನಿ, ತಾನೇ ಒಣಗುತ್ತೆ ಬಿಡಿ' ಅನ್ನುವವರ ನಾಯಿಗೇ ಕೆಂಪು ಹಸಿಹುಣ್ಣು ಏಳುವುದು. ನೆಕ್ಕಿ ನೆಕ್ಕಿ ಒಂದೇ ದಿನದಲ್ಲಿ ಅಂಗೈಯಗಲ ಮಾಡಿಕೊಳ್ಳುತ್ತವೆ.

ಜೋಲುಕಿವಿಗೆ ಗಾಳಿಯಾಡದು. ಕಿವಿಗೆಂದೇ ಸಿಗುವ ದ್ರಾವಣ ಬಿಟ್ಟು, ಬುಡ ನೀವಿ, ತಲೆ ಕೊಡವಿದ ಮೇಲೆ ಕಾಣುವಷ್ಟು ಭಾಗವನ್ನು ಹತ್ತಿಯಲ್ಲಿ ಒರೆಸಿ. ಇಯರ್‌ಬಡ್ ಕೊಳೆಯನ್ನು ಒಳಕ್ಕೇ ತಳ್ಳುತ್ತದೆ. ದುರ್ವಾಸನೆ, ಕಂದು ಗುಗ್ಗೆ, ನೋವು ಇದ್ದರೆ ಕೊಬ್ಬರಿ ಎಣ್ಣೆ ಗಿಣ್ಣೆ ಬಿಡದೆ ಡಾಕ್ಟರಿಗೆ ತೋರಿಸಿ, ಕಿವಿತಮಟೆ ಹರಿದಿರಲೂಬಹುದು.

ಆರೋಗ್ಯವಾಗಿರುವ ನಾಯಿಗೆ ತಿಂಗಳಿಗೊಂದು ಸ್ನಾನ ಸಾಕು, ಬಾಚುವುದು ಮಾತ್ರ ದಿನಾ. ಬೇಸಿಗೆಗೆ ಬೋಳಿಸೋಣ ಎಂದು ಪಾರ್ಲರಿನವರು ಕೇಳಿದರೆ ಒಪ್ಪಬೇಡಿ: ಬಿಸಿಲಿನಿಂದ ಚರ್ಮ ಕಾಯುವುದೂ ಅದೇ ಕೂದಲು, ಬೋಳಿಸಿದರೆ ಮೊದಲಿನಂತೆ ಬಾರದೆಯೂ ಇರಬಹುದು. ಪಾದದಡಿಯ ಕೂದಲನ್ನಷ್ಟೇ ಕತ್ತರಿಸಲು ಹೇಳಿ. ಇಲ್ಲವಾದರೆ ಟೈಲ್ಸ್ ಮೇಲೆ ಜಾರುತ್ತದೆ.