ಸಿಟ್ಜಸ್‌ನ ಗಡಿಯಾರಕ್ಕೆ ನಾವು ಹೊಂದಿಕೊಂಡ ಬಗೆ

ಬಾರ್ಸಿಲೋನಾದಿಂದ ನೈರುತ್ಯಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಗರ್ರಾಫ್ ಬೆಟ್ಟಸಾಲಿಗೂ ಮೆಡಿಟರೇನಿಯನ್ ಸಮುದ್ರಕ್ಕೂ ನಡುವೆ ಇರುವ ಸಿಟ್ಜಸ್ ಪಟ್ಟಣಕ್ಕೆ ನಾನೂ ನನ್ನ ಸಂಗಾತಿಯೂ ಎರಡು ಸಲ ಹೋಗಿದ್ದೇವೆ. ಮೊದಲ ಸಲ ಎಲ್ಲವೂ ಕೆಟ್ಟಿತು. ಎರಡನೆಯ ಸಲ ಕೆಡದಿರಲು ಏನು ಮಾಡಿದೆವು ಎಂಬುದನ್ನು, ನಮ್ಮಂತೆ ಗಂಡು-ಗಂಡು ಅಥವಾ ಹೆಣ್ಣು-ಹೆಣ್ಣು ಜೋಡಿಯಾಗಿ ಅಲ್ಲಿಗೆ ಹೋಗಬಯಸುವ ಕನ್ನಡಿಗರಿಗಾಗಿ ಬರೆಯುತ್ತಿದ್ದೇನೆ.

ಮೊದಲ ಸಲ ಹೋದದ್ದು ಆಗಸ್ಟ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಹೋಗಿ ರಾತ್ರಿ ಮರಳುವ ಲೆಕ್ಕದಲ್ಲಿ. ಮಧ್ಯಾಹ್ನ ಮುಂಗಡ ಕಾಯ್ದಿರಿಸದೆ ಎಲ್ಲಿಯೂ ಮೇಜು ಸಿಗಲಿಲ್ಲ. ಸಂಜೆ ಏಳಕ್ಕೆ ಊಟಕ್ಕೆಂದು ಹೋದರೆ ಅಡುಗೆಮನೆ ತೆರೆಯುವುದು ಎಂಟೂವರೆಯ ಮೇಲೆ ಎಂದರು. ಹತ್ತು ಗಂಟೆಗೆ ಹೊಕ್ಕ ಬಾರಿನಲ್ಲಿ ನಾವಿಬ್ಬರು ಮತ್ತು ಲೋಟ ಒರೆಸುತ್ತಿದ್ದ ಹುಡುಗ, ಅಷ್ಟೇ ಜನ. ಬೀದಿ ತುಂಬತೊಡಗಿದ ಹೊತ್ತಿಗೆ ನಾವು ಕೊನೆಯ ರೈಲಿಗೆಂದು ನಿಲ್ದಾಣದ ಕಡೆ ಓಡುತ್ತಿದ್ದೆವು. ಜಾತ್ರೆಗೆ ಹೋಗಿ ತೇರು ಎಳೆಯುವ ಮೊದಲೇ ಹೊರಟುಬಂದ ಹಾಗಾಯಿತು.

ಎರಡನೆಯ ಸಲ ಫೆಬ್ರುವರಿಯನ್ನು, ಅದರಲ್ಲೂ ಕಾರ್ನಿವಲ್ಲಿಗೆ ಮುಂಚಿನ ಒಂದು ವಾರಾಂತ್ಯವನ್ನು ಆರಿಸಿಕೊಂಡೆವು. ಚಳಿಗಾಲದಲ್ಲಿ ಅಲ್ಲಿನ ಎಷ್ಟೋ ಬಾರುಗಳು ಶುಕ್ರವಾರ ಮತ್ತು ಶನಿವಾರ ಮಾತ್ರ ಬಾಗಿಲು ತೆರೆಯುತ್ತವೆ, ಆದ್ದರಿಂದ ವಾರದ ನಡುವೆ ಹೋಗಿ ಪ್ರಯೋಜನವಿಲ್ಲ. ಹಳೆಯ ಊರಿನೊಳಗೇ ಎರಡು ರಾತ್ರಿಗೆ ಕೋಣೆ ಹಿಡಿದೆವು. ಕಡಲತೀರದ ದೊಡ್ಡ ಹೋಟೆಲುಗಳಿಗಿಂತ ಇದೇ ಸರಿ, ಏಕೆಂದರೆ ರಾತ್ರಿ ಎರಡು ಗಂಟೆಗೆ ನಡೆದು ಕೋಣೆ ಸೇರುವಂತಿರಬೇಕು. ಪಾಸ್ಸೇಚ್ ದೆ ಗ್ರಾಸಿಯ ನಿಲ್ದಾಣದಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಹಿಡಿಯುವುದಿಲ್ಲ. ಕೊನೆಯ ಭಾಗದಲ್ಲಿ ಸುರಂಗದಿಂದ ಸುರಂಗಕ್ಕೆ ಹೋಗುವಾಗ ಕಿಟಕಿಯ ಕೆಳಗೇ ಸಮುದ್ರ ಕಾಣಿಸುತ್ತದೆ. ಎಡಗಡೆ ಕೂರಿ.

ಸಿಟ್ಜಸ್‌ನಲ್ಲಿ ‘ನಮ್ಮವರ’ ಹೋಟೆಲು ಯಾವುದೆಂದು ಹುಡುಕುವ ಶ್ರಮ ಬೇಡ ಎಂಬುದು ನಾನು ಕಲಿತ ಮೊದಲ ವಿಷಯ. ಸಾಂತಿಯಾಗೊ ರುಸಿನ್ಯೋಲ್ ಎಂಬ ಚಿತ್ರಕಾರ 1890ರ ದಶಕದಲ್ಲಿ ಇಲ್ಲಿ ನೆಲೆಯೂರಿದಂದಿನಿಂದ ಕಲಾವಿದರಿಗೂ ಸಂಪ್ರದಾಯ ಮೀರಿದವರಿಗೂ ಈ ಊರು ರೂಢಿಯಾಗಿದೆ. ಸಲಿಂಗಕಾಮಿಗಳನ್ನು ಕಾನೂನು ಬೆನ್ನಟ್ಟುತ್ತಿದ್ದ ಸರ್ವಾಧಿಕಾರಿ ಫ್ರಾಂಕೋನ ಕಾಲದಲ್ಲೂ ವಿದೇಶಿ ಪ್ರವಾಸಿಗರ ನೆಪದಲ್ಲಿ ಇಲ್ಲಿ ಒಂದಿಷ್ಟು ಸಡಿಲವಿತ್ತು. 2005ರಲ್ಲಿ ಸ್ಪೇನ್ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಿತು. ನಮ್ಮಲ್ಲಿ ಸುಪ್ರೀಂ ಕೋರ್ಟು 377ನೆಯ ಕಲಮಿನ ಹಿಡಿತದಿಂದ ನಮ್ಮನ್ನು ಬಿಡಿಸಿದ್ದು 2018ರಲ್ಲಿ. ಬೆಂಗಳೂರಿನಲ್ಲಿ ಯಾವ ಸಂಜೆ ಎಲ್ಲಿ ಸೇರುವುದೆಂದು ಪಿಸುಮಾತಿನಲ್ಲಿ ತಿಳಿದುಕೊಂಡು ಬೆಳೆದ ನನಗೆ, ಮೊಮ್ಮಕ್ಕಳೊಂದಿಗೆ ಬಂದ ಅಜ್ಜಿಯ ಪಕ್ಕದ ಮೇಜಿನಲ್ಲಿ ಇಬ್ಬರು ಗಂಡಸರು ಕೈ ಹಿಡಿದು ಕೂತಿದ್ದನ್ನು ನೋಡಿ ಮೊದಲ ಅರ್ಧ ಗಂಟೆ ಬೆನ್ನು ನೆಟ್ಟಗೇ ಇತ್ತು.

ಊಟದ ವಿಷಯವೇ ನಮಗೆ ನಿಜವಾದ ತೊಡಕು. ನಾನು ಮೈಸೂರಿನ ಸಸ್ಯಾಹಾರಿ, ಅವನು ಮೀನಿಲ್ಲದೆ ಊಟವೆನ್ನದ ಮಂಗಳೂರಿನವನು. ‘ತರಕಾರಿ ಅನ್ನ’ ಎಂದು ಓದಿ ನಾನು ತರಿಸಿದ್ದನ್ನು ಮೀನಿನ ಸಾರಿನಲ್ಲಿ ಬೇಯಿಸಿದ್ದರು, ಅದು ಅರ್ಧ ತಿಂದ ಮೇಲೆ ತಿಳಿಯಿತು. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಸಾಲದು. ಟ್ಯೂನಾ ಬೇಡ, ಹಂದಿಯ ತುಣುಕು ಬೇಡ, ಮೀನಿನ ಸಾರೂ ಬೇಡ ಎಂದು ಬಿಡಿಸಿ ಹೇಳಬೇಕು. ಹಾಗೆ ಹೇಳಿದ ಮೇಲೆ ಸುಟ್ಟ ಬದನೆ ಮತ್ತು ದಪ್ಪಮೆಣಸಿನಕಾಯಿಯ ಎಸ್ಕಲಿವಾದ, ಟೊಮ್ಯಾಟೊ ಉಜ್ಜಿದ ಬ್ರೆಡ್ಡು, ಕಾಲ ಕೂಡಿ ಬಂದರೆ ಕೆಂಡದಲ್ಲಿ ಕಪ್ಪಾಗುವವರೆಗೆ ಸುಟ್ಟ ಕಲ್ಸೋಟ್ ಎಂಬ ಎಳೆ ಈರುಳ್ಳಿ, ಇವಿಷ್ಟರಲ್ಲೇ ಹೊಟ್ಟೆ ತುಂಬುತ್ತದೆ.

ಚಳಿಗಾಲದಲ್ಲಿ ಹೋದದ್ದಕ್ಕೆ ಮುಖ್ಯ ಕಾರಣ ಷಾತೊ. ಎಸ್ಕರೋಲ ಎಂಬ ತುಸು ಕಹಿಯಾದ ಸೊಪ್ಪಿನ ಮೇಲೆ ಉಪ್ಪು ತೆಗೆದ ಕಾಡ್ ಮೀನು, ಟ್ಯೂನಾ, ಆಂಚೊವಿ, ಆಲಿವ್ ಇಟ್ಟು, ಬಾದಾಮಿ, ಹೇಝಲ್‌ನಟ್, ಬೆಳ್ಳುಳ್ಳಿ, ವಿನೆಗರ್, ಆಲಿವ್ ಎಣ್ಣೆ ಸೇರಿಸಿ ಅರೆದ ಗಟ್ಟಿ ಚಟ್ನಿಯನ್ನು ಅದರ ಮೇಲೆ ಹಾಕುತ್ತಾರೆ. ಆ ಚಟ್ನಿಗೆ ಬಣ್ಣ ಕೊಡುವುದು ನ್ಯೋರ ಎಂಬ ಗುಂಡಗಿನ ಒಣಮೆಣಸಿನಕಾಯಿ; ಬ್ಯಾಡಗಿಯ ಹಾಗೆ ಕೆಂಪು ಹೆಚ್ಚು, ಖಾರ ಕಡಿಮೆ. ಬಡಿಸುವಾಕೆಯನ್ನು ಕೇಳಿಕೊಂಡಾಗ ಸೊಪ್ಪು ಮತ್ತು ಚಟ್ನಿಯನ್ನು ನನಗೆ ಬೇರೆ ತಟ್ಟೆಯಲ್ಲಿ ಕೊಟ್ಟು, ಮೀನನ್ನೆಲ್ಲ ಅವನ ತಟ್ಟೆಗೆ ಸೇರಿಸಿದರು.

ಕುಡಿಯಲು ಬೆಟ್ಟದಾಚೆಯ ಪೆನೆದೇಸ್ ಪ್ರಾಂತದ ಕಾವಾ ತರಿಸಿದೆವು. ಇದು ಸೀಸೆಯೊಳಗೇ ಎರಡನೆಯ ಸಲ ಹುದುಗುವ ನೊರೆವೈನು, ಕನಿಷ್ಠ ಒಂಬತ್ತು ತಿಂಗಳು ಸೀಸೆಯಲ್ಲಿ ಮಾಗಬೇಕು. ಆದರೆ ಸಿಟ್ಜಸ್‌ನದೇ ಎನ್ನಬಹುದಾದದ್ದು ಮಾಲ್ವಾಸಿಯ ದ್ರಾಕ್ಷಿಯ ಸಿಹಿ ವೈನು. ಊರಿನ ಸಾನ್ ಜುವಾನ್ ಬಾಪ್ತಿಸ್ತ ಆಸ್ಪತ್ರೆಯೇ ಅದನ್ನು ತಯಾರಿಸುತ್ತದೆ; ಮಾನ್ವೆಲ್ ಯೋಪಿಸ್ ಎಂಬ ರಾಜತಾಂತ್ರಿಕರು 1930ರ ದಶಕದಲ್ಲಿ ತಮ್ಮ ತೋಟವನ್ನು, ಬೆಳೆ ನಿಲ್ಲಬಾರದೆಂಬ ಷರತ್ತಿನೊಡನೆ, ಆಸ್ಪತ್ರೆಗೆ ಬಿಟ್ಟುಹೋದರು. ದ್ರಾಕ್ಷಿಯನ್ನು ಆಸ್ಪತ್ರೆಯೊಂದು ಕಾಪಾಡಿದ ಇನ್ನೊಂದು ಉದಾಹರಣೆ ನನಗಂತೂ ಗೊತ್ತಿಲ್ಲ.

ರಾತ್ರಿಯ ಕ್ರಮವನ್ನು ಹೀಗೆ ಹೊಂದಿಸಿಕೊಂಡೆವು: ಮಧ್ಯಾಹ್ನ ಎರಡು ಗಂಟೆಗೆ ಹೊಟ್ಟೆ ತುಂಬ ಊಟ, ನಂತರ ನಾಚಿಕೆಯಿಲ್ಲದೆ ಎರಡು ತಾಸು ನಿದ್ದೆ, ಒಂಬತ್ತೂವರೆಗೆ ರಾತ್ರಿಯೂಟ, ಹನ್ನೊಂದರ ಮೇಲೆ ಬಾರು. ‘ಪಾಪದ ಬೀದಿ’ ಎಂದು ಹೆಸರಾದ ಪ್ರಿಮೇರ್ ದೆ ಮಾಚ್ ಬೀದಿಯಲ್ಲಿ ಎಲ್ಲ ಬಗೆಯ ಜನರ ಗದ್ದಲ. ಗೇ ಬಾರುಗಳು ಹೆಚ್ಚಾಗಿರುವುದು ಅದಕ್ಕೆ ಸಮೀಪದ ಜುವಾನ್ ತರ್ರೀದ, ಸಾನ್ ಬೋನವೆಂತೂರದಂಥ ಕಿರುಬೀದಿಗಳಲ್ಲಿ. ಒಂದು ಎಚ್ಚರಿಕೆಯ ಮಾತು: ಕೆಲವು ಬಾರುಗಳು ಗಂಡಸರಿಗೆ ಮಾತ್ರ, ಒಳಗೆ ಲೈಂಗಿಕ ಸಂಪರ್ಕಕ್ಕೆಂದೇ ಇಟ್ಟ ಕತ್ತಲಕೋಣೆಯೂ ಇರುತ್ತದೆ. ಬಾಗಿಲಲ್ಲೇ ಕೇಳಿಕೊಳ್ಳಿ, ಯಾರೂ ತಪ್ಪು ತಿಳಿಯುವುದಿಲ್ಲ. ನಾವು ಹಾಡು ಮತ್ತು ಹರಟೆ ಇದ್ದ ಕಡೆಯೇ ಉಳಿದು, ಡಿಸ್ಕೊ ತುಂಬುವ ಎರಡು ಗಂಟೆಯ ಹೊತ್ತಿಗೆ ಕಾಲು ಸೋತು ಕೋಣೆಗೆ ಮರಳಿದೆವು.

ನಾವಿರುವ ಬಾರ್ಸಿಲೋನಾಕ್ಕೆ ಮರಳಿದ ಮರುವಾರ ಷಾತೊ ಚಟ್ನಿಯನ್ನು ಮನೆಯಲ್ಲೇ ಅರೆದೆವು. ನ್ಯೋರ ತರುವುದನ್ನು ಮರೆತಿದ್ದರಿಂದ ಅಮ್ಮ ಕಳಿಸಿದ್ದ ಬ್ಯಾಡಗಿ ಹಾಕಿದೆ. ತುಸು ಖಾರವಾಯಿತು, ಅವನು ಮೀನಿಗೆ ಇದೇ ಸರಿ ಎಂದು ಇನ್ನಷ್ಟು ಬಡಿಸಿಕೊಂಡ.